ಮನೆಯಂಗಳದಲ್ಲಿ ಒಂದೆಲಗ

ಶಿವರಾತ್ರಿ ಸಮೀಪಿಸಿತೆಂದರೆ ಪ್ರೌಢಶಾಲೆಯ ಉಪಾಧ್ಯಾಯರಾದ ನಮಗೆ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ. ಹತ್ತನೆಯ ತರಗತಿಯ ಮಕ್ಕಳ ತಾಯಂದಿರು ಶಾಲೆಯ ಬಾಗಿಲಲ್ಲಿ ನಿಂತು, "ಮೇಷ್ಟ್ರೇ, ಹುಡುಗನ ತಲೇಲಿ ಓದಿದ್ದು ನಿಲ್ಲೋದಿಲ್ಲ. ಒಂದೆಲಗ ಕೊಟ್ರೆ ಒಳ್ಳೇದಂತೆ, ಎಲ್ಲಿ ಸಿಗುತ್ತೆ?" ಎಂದು ಕೇಳುತ್ತಾರೆ. ಈ ಮಾತಿನಲ್ಲಿ ಎರಡು ವಿಷಯಗಳುಂಟು. ನೆನಪಿನ ವಿಷಯವನ್ನು ಕಡೆಯಲ್ಲಿ ನೋಡೋಣ. ಎಲ್ಲಿ ಸಿಗುತ್ತದೆ ಎಂಬುದಕ್ಕೆ ನಾನು ಕೊಡುವ ಉತ್ತರ ಒಂದೇ: ಅದನ್ನು ಹುಡುಕಿಕೊಂಡು ಹೋಗಬೇಡಿ, ಮನೆಯಲ್ಲೇ ಹಬ್ಬಿಸಿಕೊಳ್ಳಿ. ಹಾಗೇಕೆ ಹೇಳುತ್ತೇನೆ, ಹಬ್ಬಿಸುವುದು ಹೇಗೆ ಎಂಬುದೇ ಈ ಭಾಷಣದ ವಸ್ತು.

ನಾನು ಬಲ್ಲದ್ದು ಹುತ್ರಿದುರ್ಗದ ಸುತ್ತಿನ ನೆಲ. ಹುತ್ರಿದುರ್ಗ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಒಂದು ಹೋಬಳಿ. ಅದಕ್ಕೆ ಹೆಸರು ಕೊಟ್ಟ ಕೋಟೆಬೆಟ್ಟ ಸಮುದ್ರಮಟ್ಟದಿಂದ ಸುಮಾರು 3700 ಅಡಿ ಎತ್ತರ. ನೆತ್ತಿಯಲ್ಲಿ ಶಂಕರೇಶ್ವರನ ಗುಡಿ. 1791ರ ಡಿಸೆಂಬರಿನಲ್ಲಿ ಸಾವನದುರ್ಗವನ್ನು ಹಿಡಿದ ಕಾರ್ನ್‌ವಾಲಿಸನ ಸೈನ್ಯ ಕೆಲವೇ ದಿನಗಳಲ್ಲಿ ಇದನ್ನೂ ಹಿಡಿಯಿತು. ಆಂಗ್ಲರು ತಮ್ಮ ಬರಹಗಳಲ್ಲಿ ಇದನ್ನು 'ಔಟ್ರಾಡ್ರೂಗ್' ಎಂದು ಬರೆದಿದ್ದಾರೆಂದು ಹೇಳಿದರೆ ತರಗತಿಯ ಹುಡುಗರು ಬಿದ್ದು ಬಿದ್ದು ನಗುತ್ತಾರೆ. ಇರಲಿ, ಈಗ ನಮಗೆ ಬೇಕಾದದ್ದು ಬೆಟ್ಟದ ಬುಡದ ಮಣ್ಣು. ಬಂಡೆ ಸವೆದು ಆದ ಕೆಂಪು ಗರಸು ನೆಲ ಅದು. ಬಿದ್ದ ಮಳೆ ಅಲ್ಲಿ ನಿಲ್ಲದು. ರಾಗಿಗೂ ಹುರುಳಿಗೂ ಅಂಥ ಭೂಮಿ ಆದೀತು, ಒಂದೆಲಗಕ್ಕೆ ಆಗದು. ಅದಕ್ಕೆ ನೆರಳೂ ಬೇಕು, ಪಸೆಯೂ ಬೇಕು. ಆದುದರಿಂದ ನಮ್ಮ ಸೀಮೆಯಲ್ಲಿ ಅದು ತಾನಾಗಿ ಕಾಣಿಸಿಕೊಳ್ಳುವ ತಾವುಗಳು ಕೆಲವೇ: ಕೆರೆಯ ತೂಬಿನ ಕೆಳಗೆ ನೀರು ಜಿನುಗುವ ಕಡೆ, ತೆಂಗು ಅಡಿಕೆ ತೋಟಗಳ ಕಾಲುವೆಯ ಬದಿ, ಬಾವಿಕಟ್ಟೆಯ ತಂಪು. ಕೆರೆ ತುಂಬದ ವರ್ಷ ಅಲ್ಲಿಯೂ ಒಣಗಿಹೋಗುತ್ತದೆ. ಮಲೆನಾಡಿನ ತೋಟಗಳಲ್ಲಿ ಕಾಲಿಗೆ ಸಿಕ್ಕುವ ಗಿಡವನ್ನು ನಾವು ಬಯಲುಸೀಮೆಯವರು ಕೈಯಾರೆ ಸಾಕಬೇಕು.

ಹೆಸರಿನ ಮಾತು ಒಂದಿಷ್ಟು. ಕನ್ನಡ ಪಂಡಿತನಾದವನು ಇದನ್ನು ಬಿಟ್ಟು ಮುಂದೆ ಹೋಗಲಾರ. ಒಂದು, ಎಲೆ ಎಂಬ ಎರಡು ಪದಗಳು ಸೇರುವಾಗ ಉಕಾರ ಲೋಪವಾಗಿ 'ಒಂದೆಲೆ' ಆಯಿತು. ಅದನ್ನುಳ್ಳದ್ದು ಒಂದೆಲಗ ಎಂದು ಬಿಡಿಸಿಕೊಳ್ಳಬಹುದು. ಗಿಡವನ್ನು ನೋಡಿದರೆ ಹೆಸರಿನ ಔಚಿತ್ಯ ತಿಳಿಯುತ್ತದೆ. ಒಂದೊಂದು ತೊಟ್ಟಿಗೆ ಒಂದೇ ಎಲೆ. ತೊಟ್ಟು ನೆಲದಿಂದ ನೇರವಾಗಿ ಎದ್ದು ನಿಲ್ಲುತ್ತದೆ, ನಡುವೆ ಕವಲಿಲ್ಲ. ತುಳುವಿನಲ್ಲಿ ಇದು ತಿಮರೆ. ಸಂಸ್ಕೃತದಲ್ಲಿ ಮಂಡೂಕಪರ್ಣಿ, ಮಂಡೂಕವೆಂದರೆ ಕಪ್ಪೆ. ಕಪ್ಪೆ ಇರುವಲ್ಲಿ ಬೆಳೆಯುವುದರಿಂದ ಆ ಹೆಸರೋ, ಎಲೆಯ ಆಕಾರದಿಂದಲೋ, ವಾದ ಮಾಡುವವರು ಮಾಡಲಿ. ಸಸ್ಯಶಾಸ್ತ್ರಜ್ಞರ ಹೆಸರು ಸೆಂಟೆಲ್ಲ ಏಷ್ಯಾಟಿಕ. ಕೊತ್ತಂಬರಿ, ಜೀರಿಗೆ, ಕ್ಯಾರಟ್‌ಗಳು ಇದರ ದಾಯಾದಿಗಳೆಂದರೆ ನಿಮಗೆ ಸೋಜಿಗವಾದೀತು.

ಆದರೆ 'ಬ್ರಾಹ್ಮಿ' ಎಂಬ ಹೆಸರಿನಲ್ಲಿ ಮಾತ್ರ ಜಾಗ್ರತೆ ಬೇಕು. ನಮ್ಮಲ್ಲಿ ಅನೇಕರು ಒಂದೆಲಗವನ್ನೇ ಬ್ರಾಹ್ಮಿ ಎನ್ನುತ್ತಾರೆ. ನೀರುಬ್ರಾಹ್ಮಿ ಎಂಬ ಗಿಡ ಬೇರೆಯೇ ಇದೆ. ಅದರ ಎಲೆ ಚಿಕ್ಕದು, ದಪ್ಪ, ದಂಟಿನ ಎರಡು ಪಕ್ಕದಲ್ಲಿ ಜೋಡಿಜೋಡಿಯಾಗಿ ಅಂಟಿಕೊಂಡಿರುತ್ತದೆ, ಉದ್ದನೆಯ ತೊಟ್ಟಿಲ್ಲ. ಇವೆರಡನ್ನು ಕಂಡವರು ಮತ್ತೆ ತಪ್ಪಲಾರರು. ಇನ್ನೂ ತೊಡಕಿನವು ಸಸ್ಯಾಗಾರಗಳಲ್ಲಿ ಅಲಂಕಾರಕ್ಕೆಂದು ಮಾರುವ ಕೆಲವು ಹಬ್ಬುಗಿಡಗಳು. ಒಂದರ ಎಲೆ ಪೂರ್ಣ ದುಂಡು. ತೊಟ್ಟು ಕೊಡೆಯ ಕೋಲಿನಂತೆ ಎಲೆಯ ನಟ್ಟನಡುವೆ ಸೇರುತ್ತದೆ. ಇನ್ನೊಂದು ಹುಲ್ಲುಹಾಸಿನ ಬದಲು ಹಾಸುವ ಗಿಡ. ಎಲೆಯ ಅಂಚು ಕತ್ತರಿಸಿಟ್ಟಂತೆ ನುಣುಪು. ಒಂದೆಲಗದ ಎಲೆ ಹಾಗಲ್ಲ. ತೊಟ್ಟು ಸೇರುವ ಕಡೆ ಎಲೆ ಒಳಕ್ಕೆ ಸೀಳಿದಂತಿರುತ್ತದೆ, ಅಂಚಿನಲ್ಲಿ ಮೊಂಡು ಹಲ್ಲುಗಳು ಸಾಲಾಗಿರುತ್ತವೆ, ಬೆರಳಲ್ಲಿ ಹೊಸಕಿದರೆ ಹಸಿ ಸೊಪ್ಪಿನ ಒಂದು ವಾಸನೆ. ಅದರ ಹೂವನ್ನು ನೋಡಿದವರು ಕಡಮೆ. ಅದು ಎಲೆಗಳ ಕೆಳಗೆ, ನೆಲಕ್ಕೆ ಹತ್ತಿರ, ಸಾಸಿವೆಯಷ್ಟು ಸಣ್ಣದಾಗಿ ಅಡಗಿರುತ್ತದೆ. ಸೀಳು, ಹಲ್ಲು, ವಾಸನೆ, ಈ ಮೂರೂ ಸೇರದಿದ್ದರೆ ಅದನ್ನು ಅಡಿಗೆಮನೆಗೆ ತರಬೇಡಿ.

ಇನ್ನು, ಬೆಳೆಸಲೇಬೇಕೆಂದು ನಾನು ಒತ್ತಿ ಹೇಳುವುದೇಕೆ? ಪೇಟೆಯಲ್ಲಿ ಒಂದು ಕಟ್ಟು ಕೊಂಡರಾಗದೆ? ಶ್ರೋತೃಗಳೇ, ಬೇಯಿಸಿ ತಿನ್ನುವ ಸೊಪ್ಪಿನ ಮಾತು ಬೇರೆ. ಒಂದೆಲಗವನ್ನು ನಾವು ಬಹುಮಟ್ಟಿಗೆ ಹಸಿಯಾಗಿಯೇ ಅರೆದು ತಿನ್ನುತ್ತೇವೆ. ಹಸಿಯಾಗಿ ತಿನ್ನುವ ಸೊಪ್ಪು ಯಾವ ನೀರು ಕುಡಿದು ಬೆಳೆಯಿತೋ ಆ ನೀರನ್ನೇ ನಾವೂ ಕುಡಿದಂತೆ. ಈ ಗಿಡಕ್ಕೆ ನೀರಿನ ಮೇಲೆ ಆಸೆ ಹೆಚ್ಚು. ಆ ನೀರು ಕೆರೆಯದೋ ಚರಂಡಿಯದೋ ಎಂಬ ಭೇದವನ್ನು ಅದು ಎಣಿಸದು. ಊರ ಕೊಳೆನೀರು ಹರಿಯುವ ಕಡೆ ಅದು ಇನ್ನೂ ಸೊಂಪಾಗಿ, ಇನ್ನೂ ಅಗಲವಾದ ಎಲೆಗಳಿಂದ ಬೆಳೆದು ನಿಲ್ಲಬಹುದು. ಅಲ್ಲಿ ಕಿತ್ತ ಕಟ್ಟು ಮಾರುಕಟ್ಟೆಗೆ ಬಂದಾಗ ನಾವು ಕಣ್ಣಿಗೆ ಚೆಲುವಾದುದನ್ನೇ ಆರಿಸುತ್ತೇವೆ. ಎಲೆಗೆ ಅಂಟಿದ ರೋಗಾಣು ಮತ್ತು ಹುಳುವಿನ ಮೊಟ್ಟೆಗಳನ್ನು ತೊಳೆದು ಬಹುಮಟ್ಟಿಗೆ ಕಳೆಯಬಹುದು. ಎಲೆಯ ಒಳಗೆ ಸೇರಿದ್ದನ್ನು ಕಳೆಯುವಂತಿಲ್ಲ. ಮಲೇಷ್ಯಾದ ವಿಜ್ಞಾನಿಗಳು ಇದೇ ಗಿಡವನ್ನು ಬೇರೆ ಬೇರೆ ಕಡೆಗಳಿಂದ ತಂದು ಪರೀಕ್ಷಿಸಿ, ಮಣ್ಣಿನಲ್ಲಿರುವ ಸೀಸ, ಸತು, ತಾಮ್ರಗಳನ್ನು ಇದು ಹೀರಿಕೊಳ್ಳುವುದನ್ನು ಕಂಡಿದ್ದಾರೆ. ಮಣ್ಣು ಎಷ್ಟು ಕೆಟ್ಟಿದೆಯೆಂದು ಅಳೆಯುವುದಕ್ಕೆ ಈ ಗಿಡವನ್ನೇ ಬಳಸಬಹುದೆಂದೂ ಹೇಳಿದ್ದಾರೆ. ಅಂಥ ಗಿಡವನ್ನು ಮಕ್ಕಳ ತಟ್ಟೆಗೆ ಹಾಕುವಾಗ ಅದು ಹುಟ್ಟಿದ ನೆಲ ನಮಗೆ ಗೊತ್ತಿರಬೇಡವೆ?

ಹಿಂದಿನ ಮನೆಗಳಲ್ಲಿ ಬಚ್ಚಲ ನೀರು ಹೋಗುವ ದಾರಿಯಲ್ಲಿ ಒಂದೆಲಗವನ್ನು ಬಿಡುವ ಪದ್ಧತಿಯಿತ್ತು. ಸೀಗೆಪುಡಿ, ಕಡಲೆಹಿಟ್ಟುಗಳಿಂದ ಮೀಯುತ್ತಿದ್ದ ಕಾಲಕ್ಕೆ ಅದು ಸರಿ. ಈಗಿನ ಬಟ್ಟೆಸೋಪಿನ ಪುಡಿ, ಫಿನೈಲು, ಬಚ್ಚಲು ತೊಳೆಯುವ ಆಸಿಡ್ಡುಗಳನ್ನು ನೆನೆದರೆ ಆ ಪದ್ಧತಿಯನ್ನು ಬಿಡುವುದೇ ಮೇಲು.

ಈಗ ಕೆಲಸಕ್ಕೆ ಬರೋಣ. ಒಂದೆಲಗ ಬೀಜದಿಂದಲೂ ಹುಟ್ಟುತ್ತದೆ, ಆದರೆ ತಡ; ಎಲ್ಲವೂ ಹುಟ್ಟುವ ಭರವಸೆಯಿಲ್ಲ. ಬೀಜದ ಗೋಜಿಗೆ ಹೋಗದೆ ಹಂಬನ್ನು ಹಿಡಿಯಬೇಕು. ತಾಯಿಗಿಡದ ಬುಡದಿಂದ ತೆಳುವಾದ, ಕೆಲವೊಮ್ಮೆ ಕೆಂಪು ಛಾಯೆಯ ಹಂಬುಗಳು ನೆಲದ ಮೇಲೆ ಹರಿಯುತ್ತವೆ. ಸ್ವಲ್ಪ ಸ್ವಲ್ಪ ದೂರಕ್ಕೆ ಒಂದೊಂದು ಗೆಣ್ಣು. ಆ ಗೆಣ್ಣಿನಲ್ಲಿದೆ ಎಲ್ಲ ಗುಟ್ಟು. ಗೆಣ್ಣಿನ ಮೇಲ್ಭಾಗದಿಂದ ಎಲೆ, ಕೆಳಭಾಗದಿಂದ ಬೇರು. ಬೇರು ಮಣ್ಣನ್ನು ಹಿಡಿದ ಗೆಣ್ಣು ತಾನೇ ಒಂದು ಗಿಡ. ತಾಯಿಯಿಂದ ಬಿಡಿಸಿದರೂ ಬದುಕುತ್ತದೆ, ತಾನೂ ಹಂಬು ಬಿಡುತ್ತದೆ. ಗೆಣ್ಣುಗಳ ನಡುವಿನ ದಂಟನ್ನು ಮಾತ್ರ ನೆಟ್ಟವರು ಎಷ್ಟು ನೀರೆರೆದರೂ ಅದು ಕೊಳೆಯುತ್ತದೆಯೇ ಹೊರತು ಚಿಗುರುವುದಿಲ್ಲ.

ಗೊತ್ತಿದ್ದವರ ತೋಟದಿಂದ ಎರಡು ಮೂರು ಗೆಣ್ಣುಗಳುಳ್ಳ ಹಂಬನ್ನು, ಬೇರಿನ ಸಮೇತ, ಹಿಡಿ ಮಣ್ಣಿನೊಡನೆ ತರುವುದು ಉತ್ತಮ. ಅದು ದೊರೆಯದಿದ್ದರೆ ಮಾರುಕಟ್ಟೆಯ ಕಟ್ಟಿನಲ್ಲಿಯೇ ಬೇರುಳ್ಳ ಕಡ್ಡಿಗಳನ್ನು ಆರಿಸಿಕೊಳ್ಳಬಹುದು. ಆಗ ಒಂದು ನಿಯಮ: ಬಂದ ಗಿಡದ ಹಳೆಯ ಎಲೆಗಳನ್ನೆಲ್ಲ ಚಿವುಟಿ ಎಸೆಯಿರಿ, ಒಂದು ಎಳೆಯ ಎಲೆಯನ್ನು ಮಾತ್ರ ಉಳಿಸಿ, ಬೇರುಗಳನ್ನು ಚೆನ್ನಾಗಿ ತೊಳೆದು ನೆಡಿ. ಆ ತಾಯಿಗಿಡದಿಂದ ಏನನ್ನೂ ತಿನ್ನಬೇಡಿ. ಅದು ಹಂಬು ಬಿಟ್ಟು, ಆ ಹಂಬು ನಿಮ್ಮ ಮಣ್ಣಿನಲ್ಲಿ ಬೇರೂರಿ ಬಂದ ಹೊಸ ಗಿಡಗಳ ಎಲೆ ನಿಮ್ಮದು. ಹೊಸ ಗಿಡಗಳು ನೆಲೆನಿಂತ ಮೇಲೆ ತಾಯಿಯನ್ನು ಕಿತ್ತು ಹಾಕಿದರೂ ನಷ್ಟವಿಲ್ಲ.

ಪಾತ್ರೆ ಆಳವಾಗಿರಬೇಕಾಗಿಲ್ಲ, ಅಗಲವಾಗಿರಬೇಕು. ಈ ಗಿಡದ ನಡಿಗೆ ಅಡ್ಡಕ್ಕೆ, ಕೆಳಕ್ಕಲ್ಲ. ಆರು ಅಂಗುಲ ಮಣ್ಣು ಸಾಕು. ಹಳೆಯ ಪ್ಲಾಸ್ಟಿಕ್ ಟಬ್ಬು, ಒಡೆದ ಬಕೆಟ್ಟಿನ ತಳ, ಗಾರೆ ಕೆಲಸದ ಬಾಂಡಲಿ, ಯಾವುದೂ ಆದೀತು. ಬಣ್ಣದ ಡಬ್ಬ, ಎಣ್ಣೆಯ ಡಬ್ಬ ಮಾತ್ರ ಬೇಡ. ತಳದಲ್ಲಿ ನಾಲ್ಕಾರು ತೂತುಗಳಿರಲಿ. ನಮ್ಮ ಗರಸು ಮಣ್ಣನ್ನು ಹಾಗೆಯೇ ತುಂಬಿದರೆ ಬೆಳಗ್ಗೆ ಎರೆದ ನೀರು ಮಧ್ಯಾಹ್ನಕ್ಕೆ ಇರದು. ಒಂದು ಪಾಲು ಕೆಂಪುಮಣ್ಣಿಗೆ ಒಂದು ಪಾಲು ಕೆರೆಗೋಡು, ಒಂದು ಪಾಲು ಚೆನ್ನಾಗಿ ಕಳಿತ ಎಲೆಗೊಬ್ಬರ ಅಥವಾ ಹಳೆಯ ಕೊಟ್ಟಿಗೆ ಗೊಬ್ಬರ ಬೆರಸಿ. ಕೆರೆಗೋಡಿನ ಜಿಗುಟು ಪಸೆಯನ್ನು ಹಿಡಿದಿಡುತ್ತದೆ. ಅದನ್ನು ತರುವ ಕೆರೆಗೆ ಊರಿನ ಚರಂಡಿ ಬಂದು ಸೇರುತ್ತಿರಬಾರದೆಂದು ಬೇರೆ ಹೇಳಬೇಕಾಗಿಲ್ಲವಷ್ಟೆ. ಹಸಿ ಸಗಣಿಯನ್ನಾಗಲಿ ಅದರ ಬಗ್ಗಡವನ್ನಾಗಲಿ ಈ ಗಿಡಕ್ಕೆ ಎಂದೂ ಹಾಕಬೇಡಿ. ಹಸಿಯಾಗಿ ತಿನ್ನುವ ಎಲೆ.

ನೆಡುವುದಕ್ಕೆ ಒಳ್ಳೆಯ ಕಾಲ ಮೃಗಶಿರಾ ಮಳೆ ಹಿಡಿದ ಮೇಲೆ. ಜೂನ್ ಎರಡನೆಯ ವಾರದಿಂದ ಆಗಸ್ಟಿನವರೆಗೆ ನೆಟ್ಟದ್ದು ಸುಲಭವಾಗಿ ಹತ್ತುತ್ತದೆ. ಮಣ್ಣನ್ನು ಮೊದಲೇ ನೆನಸಿಟ್ಟು, ಸಂಜೆಯ ಹೊತ್ತು, ಹಂಬನ್ನು ಮಣ್ಣಿನ ಮೇಲೆ ಮಲಗಿಸಿ. ಹೂಳಬೇಡಿ. ಗೆಣ್ಣು ಮಣ್ಣಿಗೆ ತಾಗಿರಬೇಕು, ಎಲೆ ಗಾಳಿಯಲ್ಲಿರಬೇಕು. ಗಾಳಿಗೂ ಗುಬ್ಬಿಯ ಕಾಲಿಗೂ ಹಂಬು ಎದ್ದು ಬರುವುದುಂಟು. ಅದಕ್ಕೆ ತೆಂಗಿನ ಪರಕೆಯ ಕಡ್ಡಿಯೊಂದನ್ನು ನಡುವೆ ಬಗ್ಗಿಸಿ, ತಲೆಗೆ ಸಿಕ್ಕಿಸುವ ಪಿನ್ನಿನಂತೆ ಗೆಣ್ಣಿನ ಎರಡು ಕಡೆಗೂ ಚುಚ್ಚಿ ಬಿಡಿ. ಒಂದು ನಯವಾದ ಕಲ್ಲುಹರಳನ್ನು ಪಕ್ಕದಲ್ಲಿ ಒತ್ತಿಟ್ಟರೂ ನಡೆಯುತ್ತದೆ. ಎರಡು ಹಂಬುಗಳ ನಡುವೆ ಒಂದು ಗೇಣು ತೆರವಿರಲಿ. ತಿಂಗಳೆರಡು ತಿಂಗಳಲ್ಲಿ ತಾನೇ ತುಂಬಿಕೊಳ್ಳುತ್ತದೆ. ಮೊದಲ ವಾರ ಎಲೆ ಬಾಡಿದಂತೆ ಕಂಡರೆ ಗಾಬರಿಪಟ್ಟು ಕಿತ್ತು ನೋಡಬೇಡಿ. ಹತ್ತು ಹದಿನೈದು ದಿನಗಳಲ್ಲಿ ಗೆಣ್ಣಿನ ನಡುವೆ ಮಡಿಚಿದ ಬೀಸಣಿಗೆಯಂಥ ಪುಟ್ಟ ಎಲೆ ಕಾಣಿಸಿತೆಂದರೆ ಬೇರು ಹಿಡಿಯಿತೆಂದು ತಿಳಿಯಿರಿ. ಹಿತ್ತಲಿಲ್ಲದೆ, ಮಹಡಿಯ ಮೇಲೆ ಎರಡು ಕೋಣೆಗಳಲ್ಲಿರುವವರಿಗೂ ಇಷ್ಟನ್ನು ಮಾಡಲು ಅಡ್ಡಿಯಿಲ್ಲ. ಪೂರ್ವದ ಕಿಟಕಿಯ ಕೆಳಗೆ ಒಂದು ಟಬ್ಬಿಗೆ ಸ್ಥಳವಿದ್ದರೆ ಆಯಿತು.

ಒಂದು ಕುಂಡ ತುಂಬಿದ ಮೇಲೆ ಎರಡನೆಯದನ್ನು ಮಾಡುವ ಬಗೆ ನನಗೆ ಬಹಳ ಮೆಚ್ಚಿಗೆಯಾದದ್ದು. ಕತ್ತರಿಸಿ ನೆಡುವ ಶ್ರಮವೇ ಇಲ್ಲ. ಮಣ್ಣು ತುಂಬಿದ ಹೊಸ ಕುಂಡವನ್ನು ಹಳೆಯದಕ್ಕೆ ಅಂಚು ತಾಗಿಸಿ ಇಡಿ. ಅಂಚಿನಿಂದ ಇಳಿಬಿದ್ದ ಹಂಬನ್ನು ಎತ್ತಿ ಹೊಸ ಮಣ್ಣಿನ ಮೇಲೆ ಕೂಡಿಸಿ, ಕಡ್ಡಿಯ ಪಿನ್ನು ಹಾಕಿ. ತಾಯಿಯ ಉಣಿಸು ಬರುತ್ತಲೇ ಇರುವುದರಿಂದ ಗೆಣ್ಣು ಬಾಡುವುದೇ ಇಲ್ಲ. ಮೂರು ವಾರ ಕಳೆದು ಗೆಣ್ಣನ್ನು ಮೆಲ್ಲಗೆ ಅಲುಗಿಸಿದಾಗ ಅದು ಮಣ್ಣನ್ನು ಬಿಡದಿದ್ದರೆ ನಡುವಿನ ದಂಟನ್ನು ಕತ್ತರಿಸಬಹುದು. ನಮ್ಮ ಶಾಲೆಯ ಹುಡುಗರಿಗೆ ಈ ವಿಧಾನವನ್ನು ತೋರಿಸಿದಾಗ ಒಬ್ಬ ಹುಡುಗ, "ಸಾರ್, ಇದು ಹೊಳೆ ದಾಟೋ ಹಾಗೆ ದಾಟುತ್ತೆ" ಎಂದ. ನಿಜ. ಒಂದು ಕಾಲು ಊರಿದ ಮೇಲೆಯೇ ಇನ್ನೊಂದನ್ನು ಎತ್ತುವ ನಡೆ ಅದರದು.

ನೀರಿನ ಮಾತು. ಮಣ್ಣು ಸದಾ ಹಸಿಯಾಗಿರಬೇಕು. ಮಳೆಗಾಲ ಬಿಟ್ಟು ಉಳಿದ ದಿನ ಬೆಳಗ್ಗೆ ಸಂಜೆ ಎರಡು ಹೊತ್ತು. ಅಕ್ಕಚ್ಚು ಬಹಳ ಒಳ್ಳೆಯದು, ಉಪ್ಪು ಹಾಕದ ಕಾಳು ನೆನಸಿದ ನೀರೂ ಆದೀತು. ಈಗ ಅನೇಕ ಮನೆಗಳಲ್ಲಿ ಕುಡಿಯುವ ನೀರನ್ನು ಶುದ್ಧಿಮಾಡುವ ಯಂತ್ರವುಂಟು. ಅದು ಹೊರಕ್ಕೆ ಬಿಡುವ ನೀರು ವ್ಯರ್ಥವಾಗುವುದನ್ನು ನೋಡಲಾರದೆ ಗಿಡಕ್ಕೆ ಹಾಕುವವರನ್ನು ಬಲ್ಲೆ. ಕೊಳವೆ ಬಾವಿಯ ನೀರಿನ ಲವಣಗಳೆಲ್ಲ ಆ ನೀರಿನಲ್ಲಿ ಒತ್ತಾಗಿರುತ್ತವೆ. ಅದರಿಂದ ನೆಲ ಒರೆಸಿ, ಒಂದೆಲಗಕ್ಕೆ ಬೇಡ. ಬಿಸಿಲು ಹೆಚ್ಚಾದರೆ ಎಲೆ ಸಣ್ಣದಾಗಿ, ತೊಟ್ಟು ಗಿಡ್ಡವಾಗಿ, ಅಂಚು ಕೆಂಪಗಾಗುತ್ತದೆ. ನೆರಳಿಗೆ ಸರಿಸಿದರೆ ಮತ್ತೆ ಅಗಲವಾಗುತ್ತದೆ. ಬೆಳಗಿನ ಎಳೆಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಜಾಗ ಲೇಸು. ಮಳೆಗಾಲದಲ್ಲಿ ಬಸವನಹುಳುಗಳು ಎಲೆಯನ್ನು ಜಾಲಿಸಿ ತಿನ್ನುತ್ತವೆ. ರಾತ್ರಿ ದೀಪ ಹಿಡಿದು ಆರಿಸಿ ಹಾಕುವುದೊಂದೇ ದಾರಿ. ಔಷಧ ಸಿಂಪಡಿಸಿದರೆ ನಾವು ಪಟ್ಟ ಪಾಡೆಲ್ಲ ದಂಡ.

ಎರಡು ಮೂರು ತಿಂಗಳಿಗೆ ಸೊಪ್ಪು ಕೈಗೆ ಬರುತ್ತದೆ. ಕೀಳಬಾರದು, ತೊಟ್ಟಿನ ಬುಡಕ್ಕೆ ಉಗುರು ಅಥವಾ ಕತ್ತರಿ ಹಾಕಿ ಕೊಯ್ಯಬೇಕು. ಒಂದೊಂದು ಗೆಣ್ಣಿನಲ್ಲಿ ಒಂದೆರಡು ಎಲೆ ಉಳಿಯಲಿ. ಅಡಿಗೆಯ ವಿಚಾರವನ್ನು ಗೃಹಿಣಿಯರಿಗೆ ನಾನು ಹೇಳಿಕೊಡುವುದು ಅಧಿಕಪ್ರಸಂಗವಾದೀತು. ನಮ್ಮ ಕಡೆ ತೆಂಗಿನತುರಿ, ಹಸಿಮೆಣಸಿನಕಾಯಿ, ಹುಣಿಸೆಹಣ್ಣು ಸೇರಿಸಿ ಅರೆದ ಚಟ್ನಿ ಮುದ್ದೆಗೂ ಸರಿ, ರೊಟ್ಟಿಗೂ ಸರಿ. ಮಲೆನಾಡಿನವರದು ಜೀರಿಗೆ, ಮೆಣಸು, ಮಜ್ಜಿಗೆಯ ತಂಬುಳಿ. ಸಿಂಹಳದಲ್ಲಿ ಇದನ್ನು ಗೊಟುಕೊಲ ಎಂದು ಕರೆದು ಗಂಜಿಗೆ ಹಾಕುತ್ತಾರೆ. ವಿಯಟ್ನಾಮಿನಲ್ಲಿ ಪಾನಕ ಮಾಡುತ್ತಾರೆ.

ಇನ್ನು ನೆನಪಿನ ವಿಷಯ. ಚರಕಸಂಹಿತೆ ಮೇಧ್ಯ ರಸಾಯನಗಳೆಂದು ನಾಲ್ಕನ್ನು ಹೇಳುತ್ತದೆ. ಮಂಡೂಕಪರ್ಣಿಯ ರಸ ಅವುಗಳಲ್ಲೊಂದು. 1940ರ ದಶಕದಲ್ಲಿ ಮಡಗಾಸ್ಕರ್ ದ್ವೀಪದಲ್ಲಿ ಇದರ ಸಾರವನ್ನು ಕುಷ್ಠರೋಗಿಗಳ ಹುಣ್ಣುಗಳಿಗೆ ಬಳಸಿ ನೋಡಿದರು. ಗಾಯ ಮಾಯಿಸುವ ಮುಲಾಮುಗಳಲ್ಲಿ ಇಂದಿಗೂ ಅದಕ್ಕೆ ಸ್ಥಾನವುಂಟು. ಗಿಡದಲ್ಲಿ ಸತ್ವವಿಲ್ಲವೆಂದು ಯಾರೂ ಹೇಳಲಾರರು. ಆದರೆ ಆರೋಗ್ಯವಂತ ಮಗು ಒಂದೆಲಗ ತಿಂದು ಪಾಠ ನೆನಪಿಟ್ಟುಕೊಳ್ಳುವುದೆಂಬ ಮಾತು ಬೇರೆ. ಮನುಷ್ಯರ ಮೇಲೆ ನಡೆದ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಒಂದು ವಿಮರ್ಶೆ, ನೆನಪಿನ ಶಕ್ತಿಯಲ್ಲಿ ಹೇಳಿಕೊಳ್ಳುವಂಥ ಹೆಚ್ಚಳ ಕಾಣಲಿಲ್ಲವೆಂದಿತು. ಇದರ ಸಾರವನ್ನು ಮಾತ್ರೆಯ ರೂಪದಲ್ಲಿ ವಾರಗಟ್ಟಲೆ ನುಂಗಿದ ಕೆಲವರಿಗೆ ಯಕೃತ್ತು ಕೆಟ್ಟ ವರದಿಗಳೂ ಇವೆ. ಪರೀಕ್ಷೆ ಹತ್ತಿರ ಬಂತೆಂದು ಬೆಳಗಾಗೆದ್ದು ಖಾಲಿ ಹೊಟ್ಟೆಗೆ ಲೋಟಗಟ್ಟಲೆ ರಸ ಕುಡಿಸುವ ತಂದೆತಾಯಿಗಳು ಇದನ್ನು ಯೋಚಿಸಬೇಕು. ಹುಡುಗನಿಗೆ ಓದಿದ್ದು ನಿಲ್ಲದಿದ್ದರೆ ಅವನು ರಾತ್ರಿ ಎಷ್ಟು ಹೊತ್ತು ಮಲಗುತ್ತಾನೆ, ಬೆಳಗ್ಗೆ ಏನು ತಿಂದು ಬರುತ್ತಾನೆ, ಅವನ ಕಣ್ಣಿಗೆ ಕರಿಹಲಗೆ ಕಾಣುತ್ತದೆಯೇ ಎಂಬುದನ್ನು ಮೊದಲು ವಿಚಾರಿಸುವುದು ನನ್ನ ರೂಢಿ. ವಾರಕ್ಕೆ ಒಂದೆರಡು ಸಲ ಊಟದ ಜೊತೆಗೆ ಚಟ್ನಿಯಾಗಿ, ತಂಬುಳಿಯಾಗಿ ತಿನ್ನುವುದಕ್ಕೆ ಆತಂಕವಿಲ್ಲ. ಗರ್ಭಿಣಿಯರು, ಯಕೃತ್ತಿನ ತೊಂದರೆಯುಳ್ಳವರು, ನಿದ್ರೆಯ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಮುಟ್ಟಬೇಕು.

ಒಂದೆರಡು ವರ್ಷವಾದ ಕುಂಡದಲ್ಲಿ ಹಂಬು ಹಂಬಿನ ಮೇಲೆ ಏರಿ, ಎಲೆ ಕಿರಿದಾಗುತ್ತದೆ. ಆಗ ಪೂರ್ತಿ ಕಿತ್ತು, ಮಣ್ಣು ಬದಲಿಸಿ, ಎಳೆಯ ಗೆಣ್ಣುಗಳನ್ನು ಮಾತ್ರ ಮರಳಿ ನೆಡಬೇಕು. ಮಿಕ್ಕವು ನೆರೆಹೊರೆಗೆ. ಕೊಡುವಾಗ ಬೇರನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಾಳೆಲೆಯ ತುಂಡಿನಲ್ಲಿ ಕಟ್ಟಿ ಕೊಡಿ. ಯಾವ ಮಣ್ಣಿನಲ್ಲಿ, ಯಾವ ನೀರಿನಲ್ಲಿ ಬೆಳೆದದ್ದೆಂದು ತಪ್ಪದೆ ಹೇಳಿ. ಅದೇ ಸಂಜೆ ನೆಡುವಂತೆಯೂ ತಿಳಿಸಿ. ಎರಡು ದಿನ ತಡೆದರೆ ಗೆಣ್ಣಿನ ಕೆಳಗಿನ ಆ ಬಿಳಿಯ ಬೇರುಗಳು ಕಪ್ಪಾಗಿಬಿಡುತ್ತವೆ.